ಒಂದೇ ಕೇಸು, ಒಂದೇ ಆದೇಶ. ಅಣ್ಣ ಮನೆಗೆ ಬಂದ, ಅತ್ತಿಗೆ ಇನ್ನೂ ಒಳಗೆ

ತೊಗರಿ ಹೊಲ (ಸೇಡಂ) | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ. ಯಾವ ಜೈಲು, ಯಾವ ಕೋರ್ಟು ಅಂತ ಕೇಳಬೇಡಿ, ಹೇಳಲ್ಲ. ನಮ್ಮ ಭಾಗದ್ದು ಅಂದುಕೊಳ್ಳಿ, ಸಾಕು.

ನನ್ನ ದೊಡ್ಡಮ್ಮನ ಮಗ ಮತ್ತು ಅವನ ಹೆಂಡತಿ, ಇಬ್ಬರ ಮೇಲೂ ಚೀಟಿ ದುಡ್ಡಿನ ಕೇಸು ಬಿತ್ತು. ಓಣಿಯ ಹೆಂಗಸರ ಹತ್ತಿರ ದುಡ್ಡು ಎತ್ತುತ್ತಿದ್ದವಳು ಅತ್ತಿಗೆ. ಲೆಕ್ಕ ಇಟ್ಟವನು ಅಣ್ಣ. ತಪ್ಪು ಯಾರದು ಅಂತ ಕೋರ್ಟು ಹೇಳಲಿ, ನಾನು ಆ ಮಾತಿಗೆ ಬರಲ್ಲ. ಇಬ್ಬರನ್ನೂ ಒಂದೇ ದಿನ ಹಿಡಿದರು, ಒಂದೇ ಜೈಲಿಗೆ ಕಳಿಸಿದರು. ಅವನು ದೊಡ್ಡ ಕಡೆಗೆ, ಅವಳು ಗೋಡೆಯ ಆಚೆ ಹೆಂಗಸರ ಬ್ಯಾರಕ್‌ಗೆ. ಐದು ವರ್ಷದ ಮಗನನ್ನು ದೊಡ್ಡಮ್ಮ ಇಟ್ಟುಕೊಂಡಳು. ಮೂರು ವರ್ಷದ ಮಗಳು ತಾಯಿ ಜೊತೆ ಒಳಗೆ ಹೋದಳು. "ಸಣ್ಣ ಕೂಸು, ಅವ್ವನ ಬಿಟ್ಟು ಇರಂಗಿಲ್ಲ" ಅಂದರು. ಸಣ್ಣದು ಗಂಡು ಕೂಸಾಗಿದ್ದರೂ ಹೀಗೇ ಅನ್ನುತ್ತಿದ್ದರಾ? ನನಗೆ ಈಗಲೂ ಅನುಮಾನ.

ಮುಲಾಖಾತಿಗೆ ದೊಡ್ಡಮ್ಮನ ಜೊತೆ ನಾನೇ ಹೋಗುತ್ತಿದ್ದೆ. ಫಾರಂ ತುಂಬೋಕೆ ಒಬ್ಬರು ಬೇಕಲ್ಲ. ಶಕ್ತಿ ಯೋಜನೆ ಇರೋದರಿಂದ ಬಸ್ಸಿಗೆ ಖರ್ಚಿಲ್ಲ, ಇಬ್ಬರೂ ಆಧಾರ್ ಕಾರ್ಡ್ ತೋರಿಸಿ ಕೂತುಬಿಡುತ್ತಿದ್ದೆವು. ಗೇಟಿನ ಮುಂದೆ ಸಾಲಿನಲ್ಲಿ ನಿಂತವರು ಹೆಚ್ಚೂಕಮ್ಮಿ ಎಲ್ಲ ಹೆಂಗಸರೇ. ತಾಯಿ, ಹೆಂಡತಿ, ಅಕ್ಕ. ಎಲ್ಲರೂ ಬಂದಿದ್ದು ಒಳಗಿನ ಗಂಡಸರನ್ನು ನೋಡೋಕೆ.

ದೊಡ್ಡಮ್ಮನ ಚೀಲದಲ್ಲಿ ಎರಡು ಬನಿಯನ್, ಒಂದು ಟವೆಲ್, ಸೋಪು, ಬಿಸ್ಕತ್ತು, ಶೇಂಗಾ ಹಿಂಡಿ. ಹಿಂಡಿ ಒಳಗೆ ಬಿಡಲಿಲ್ಲ, ಮಿಕ್ಕಿದ್ದು ಬಿಟ್ಟರು. ಕಿಟಕಿಯಲ್ಲಿ ಕೂತವರು "ಯಾರನ್ನ ನೋಡ್ಬೇಕ್ರಿ?" ಅಂದರು. ದೊಡ್ಡಮ್ಮ ಅಣ್ಣನ ಹೆಸರು ಹೇಳಿದಳು. ನಾನು ಮೆಲ್ಲಗೆ "ಅತ್ತಿಗಿ ಹೆಸರೂ ಬರೆಸು" ಅಂದೆ. "ಆಕಿಗಿ ಆಕಿ ತವರಿನವರು ಬರ್ತಾರ ತಗೋ" ಅಂದಳು. ತವರು ಇರೋದು ತಾಂಡೂರಿನ ಆಚೆ, ತೆಲಂಗಾಣದ ಒಂದು ಹಳ್ಳಿ. ಅಪ್ಪ ಇಲ್ಲ. ಒಬ್ಬ ತಮ್ಮ, ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸ. ಯಾರು ಬರ್ತಾರೆ?

ಮೂರನೇ ಸಲ ಹಠ ಮಾಡಿ ಅವಳ ಹೆಸರು ನಾನೇ ಬರೆಸಿದೆ. ಬಂದಳು. ಕೇಸಿನ ಬಗ್ಗೆ ಕೇಳಲಿಲ್ಲ, ಮಗನ ಬಗ್ಗೆಯೂ ಮೊದಲು ಕೇಳಲಿಲ್ಲ. "ಹಳೇ ಸೀರಿ ಇದ್ರ ತಗೊಂಬಾರವ್ವಾ" ಅಂದಳು. ಉಟ್ಟ ಸೀರೆಯ ಸೆರಗು ಗೇಣುದ್ದ ಇತ್ತು ಅಷ್ಟೇ. ಮಿಕ್ಕಿದ್ದನ್ನು ಮುಟ್ಟಿನ ದಿನಗಳಿಗೆ ಹರಿದುಕೊಂಡಿದ್ದಳು. ಪ್ಯಾಡ್ ಕೊಡುತ್ತಾರಂತೆ, ಎಣಿಸಿ ಕೊಡುತ್ತಾರಂತೆ. ಅವಳಿಗೆ ಸಾಲಲ್ಲ. ಕ್ಯಾಂಟೀನಿನಲ್ಲಿ ಕೊಳ್ಳೋಣ ಅಂದರೆ ಅವಳ ಖಾತೆಗೆ ಒಂದು ರೂಪಾಯಿ ಯಾರೂ ಕಟ್ಟಿಲ್ಲ. ಅಣ್ಣನ ಖಾತೆಗೆ ವಾರ ವಾರ 500 ಹೋಗುತ್ತಿತ್ತು.

ಆಮೇಲೆ ಜಾಮೀನು ಆಯಿತು. ಇಬ್ಬರಿಗೂ ಒಂದೇ ಆದೇಶ, ಒಂದೇ ಷರತ್ತು. 1 ಲಕ್ಷದ ಬಾಂಡ್, ತಲಾ ಇಬ್ಬರು ಶ್ಯೂರಿಟಿ, ಅಂದರೆ ಆಸ್ತಿ ಕಾಗದ ತೋರಿಸಿ ಹೊಣೆ ನಿಲ್ಲುವವರು. ಕಾಕಾ ಇಬ್ಬರೂ ತಮ್ಮ ಪಹಣಿ ಹಿಡಿದು ಹೋಗಿ ನಿಂತರು, ನಾಲ್ಕು ದಿನಕ್ಕೆ ಅಣ್ಣ ಮನೆಗೆ ಬಂದ. ಅವನಿಗೆ ನೀರು ಇಳಿಸಿ, ಹೋಳಿಗೆ ಮಾಡಿದರು. ಅತ್ತಿಗೆಗೆ ಯಾರೂ ನಿಲ್ಲಲಿಲ್ಲ. ತಮ್ಮ ಬಂದಿದ್ದ, ತೆಲಂಗಾಣದ ಪಟ್ಟಾ ಪಾಸ್‌ಬುಕ್ ತಂದಿದ್ದ. ಬೇರೆ ರಾಜ್ಯದ ಆಸ್ತಿ ನಡೆಯಲ್ಲ, ಇಲ್ಲಿಯವರೇ ಬೇಕು ಅಂತ ವಾಪಸ್ ಕಳಿಸಿದರು. ಎರಡು ದಿನದ ಕೂಲಿ ಹೋಯಿತು ಅಂತ ಅವನು ಮತ್ತೆ ಬರಲಿಲ್ಲ.

ಇದಾಗಿ ಈಗ ಆರು ತಿಂಗಳು. ಏನಾದರೂ ದಾರಿ ಇದೆಯಾ? ತಿಳಿದವರು ಹೇಳಿ.

ಮಾಂಜ್ರಾ ತೀರ (ಬೀದರ್) | ಭಾನುವಾರ ರಾತ್ರಿ 10:15

ತಂಗಿ, ಜಾಮೀನು ಆದಮೇಲೂ ಆರು ತಿಂಗಳು ಅಂದರೆ ಇದು ಕೇಸಿನ ಶಿಕ್ಷೆ ಅಲ್ಲ, ಪಹಣಿ ಇಲ್ಲದ್ದಕ್ಕೆ ಶಿಕ್ಷೆ. ನಾನು ವಕೀಲ ಅಲ್ಲ, ಮೇಷ್ಟ್ರು. ಕರಿ ಕೋಟು ಅಣ್ಣ ಇಲ್ಲೇ ಇರ್ತಾರೆ, ನೋಡಿದರೆ ಉತ್ತರ ಕೊಡ್ತಾರೆ.

ಕಟ್ಟೆ ಪಂಚಾಯ್ತಿ (ಆಳಂದ) | ಭಾನುವಾರ ರಾತ್ರಿ 10:52

ದುಃಖದ ವಿಷಯ, ಒಪ್ಪುತ್ತೇನೆ. ಆದರೆ ಇದನ್ನು ತಾರತಮ್ಯ ಅನ್ನೋದು ಹೇಗೆ? ಆದೇಶ ಇಬ್ಬರಿಗೂ ಒಂದೇ ಅಂತ ನೀವೇ ಬರೆದಿದ್ದೀರಿ. ಮನೆಯವರು ಕೆಟ್ಟವರಾದರೆ ಸರ್ಕಾರ ಏನು ಮಾಡಬೇಕು? ಅಲ್ಲದೆ ಹೆಂಗಸರಿಗೆ ಕಾನೂನು ಮೊದಲೇ ಸಡಿಲ ಇದೆ. ಸಂಜೆ ಮೇಲೆ ಹಿಡಿಯೋ ಹಾಗಿಲ್ಲ, ಜಾಮೀನು ಬೇಗ. ಗಂಡಸರಿಗೆ ಇದೆಲ್ಲ ಇದೆಯಾ?

ಕರಿ ಕೋಟು (ಕಲಬುರಗಿ) | ಸೋಮವಾರ ಬೆಳಿಗ್ಗೆ 7:20

ರಾತ್ರಿ ನೋಡಲಿಲ್ಲ, ಕ್ಷಮಿಸಿ. ಮೊದಲು ಹುಡುಗಿಗೆ ಉತ್ತರ, ಆಮೇಲೆ ಪಂಚಾಯ್ತಿಗೆ.

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇದೇ ತೊಂದರೆಗೆ ಅಂತ ಸೂಚನೆ ಕೊಟ್ಟಿದೆ. ಜಾಮೀನು ಆಗಿ 7 ದಿನದಲ್ಲಿ ಕೈದಿ ಹೊರಗೆ ಬರದಿದ್ದರೆ ಜೈಲು ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ಜೈಲಿಗೆ ಭೇಟಿ ಕೊಡುವ ವಕೀಲರನ್ನೋ ಅರೆಕಾನೂನು ಸ್ವಯಂಸೇವಕರನ್ನೋ ಕಳಿಸಿ ಯಾಕೆ ಬಿಡುಗಡೆ ಆಗಿಲ್ಲ ಅಂತ ವಿಚಾರಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡೋಕೆ ಆಗದಿದ್ದರೆ ಷರತ್ತು ಸಡಿಲ ಮಾಡಬಹುದಾ ಅಂತ ಕೋರ್ಟು ತಾನಾಗಿಯೇ ನೋಡಬಹುದು. ಇನ್ನೊಂದು ಮಾತು ಅದರಲ್ಲೇ ಇದೆ. ಸ್ಥಳೀಯ ಶ್ಯೂರಿಟಿಯೇ ಬೇಕು ಅಂತ ಹಿಡಿಯೋದರಿಂದ ಬಿಡುಗಡೆ ತಡ ಆಗುತ್ತದೆ, ಅಂಥ ಕಡೆ ಆ ಷರತ್ತು ಹಾಕದಿರುವುದು ಒಳ್ಳೆಯದು ಅಂತ.

ಇದು ಹೊಸ ಜ್ಞಾನವೂ ಅಲ್ಲ. 1978ರ ಮೋತಿರಾಮ್ ಕೇಸು ಅಂತ ಇದೆ. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನಿಗೆ 10,000 ರೂಪಾಯಿ ಶ್ಯೂರಿಟಿ ಕೇಳಿದ್ದರು. ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಮ್ಯಾಜಿಸ್ಟ್ರೇಟ್ ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಮುಂದೆ 1986ರಲ್ಲಿ ಮಹಿಳಾ ಕೈದಿಗಳ ಸ್ಥಿತಿ ನೋಡೋಕೆ ಸಮಿತಿ ಮಾಡಿದಾಗ ಅದರ ಅಧ್ಯಕ್ಷರೂ ಅವರೇ. ಇಷ್ಟು ವರ್ಷ ಆದಮೇಲೂ ತಾಂಡೂರಿನ ತಮ್ಮ ಪಾಸ್‌ಬುಕ್ ಹಿಡಿದು ವಾಪಸ್ ಹೋಗಿದ್ದಾನೆ.

ಈಗ ಪಂಚಾಯ್ತಿ. "ಆದೇಶ ಒಂದೇ, ತಾರತಮ್ಯ ಎಲ್ಲಿ?" ಅಂದಿರಿ. ಒಂದು ನಿಮಿಷ ಯೋಚನೆ ಮಾಡಿ. ನಮ್ಮ ಕಡೆ ಗಂಡಸು ಹುಟ್ಟಿದ ಊರಲ್ಲೇ ಇರುತ್ತಾನೆ. ಅವನ ಅಣ್ಣತಮ್ಮ, ಕಾಕಾ, ಗೆಳೆಯ ಎಲ್ಲರ ಪಹಣಿಯೂ ಅದೇ ತಾಲ್ಲೂಕಿನದು. ಹೆಣ್ಣನ್ನು ನಾವೇ ಬೇರೆ ಊರಿಂದ ತರುತ್ತೇವೆ. ಸೇಡಂನವರು ತಾಂಡೂರಿಂದ, ಆಳಂದದವರು ಅಕ್ಕಲಕೋಟೆಯಿಂದ, ಔರಾದ್‌ನವರು ದೇಗಲೂರಿನಿಂದ. ಅವಳವರು ಅನ್ನುವವರು ಎಲ್ಲ ಗಡಿಯ ಆಚೆ. "ಸ್ಥಳೀಯ ಶ್ಯೂರಿಟಿ" ಅನ್ನುವ ಎರಡು ಪದ ಗಂಡು ಹೆಣ್ಣು ಅಂತ ನೋಡಲ್ಲ ನಿಜ. ಆದರೆ ಬೀಳುವುದು ಸೊಸೆಯ ತಲೆ ಮೇಲೆ. ಅವಳ ಹೆಸರಲ್ಲಿ ಗದ್ದೆ ಇಲ್ಲ, ಹೊಲ ಇಲ್ಲ. ಇರೋರೆಲ್ಲ ಗಂಡನ ಕಡೆಯವರು, ಅವರಿಗೆ ಬೇಡವಾದರೆ ಮುಗಿಯಿತು.

ಕಾನೂನು ಸಡಿಲ ಇದೆ ಅನ್ನೋದು ಅರ್ಧ ಸರಿ. ಹೊಸ ಬಿಎನ್‌ಎಸ್‌ಎಸ್‌ನ (ಅಂದರೆ ಕ್ರಿಮಿನಲ್ ಕೇಸು ನಡೆಸುವ ಕಾನೂನಿನ) 480ನೇ ಕಲಂ, ಹಳೆಯ ಕಾನೂನಿನ 437, ಹೆಣ್ಣುಮಕ್ಕಳಿಗೆ ದೊಡ್ಡ ಕೇಸುಗಳಲ್ಲೂ ಜಾಮೀನು ಕೊಡಬಹುದು ಅನ್ನುತ್ತದೆ. "ಬಹುದು". ಕೊಟ್ಟ ಜಾಮೀನನ್ನು ಬಿಡಿಸಿಕೊಂಡು ಬರೋರು ಯಾರು ಅಂತ ಯಾವ ಕಲಂನಲ್ಲೂ ಬರೆದಿಲ್ಲ.

ತಂಗಿ, ಇವತ್ತೇ 15100ಕ್ಕೆ ಫೋನ್ ಮಾಡು, ಅದು ಕಾನೂನು ಸೇವೆಯ ಸಹಾಯವಾಣಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆ ಪ್ರಕಾರ ವಕೀಲರು ಉಚಿತ. ಫೋನಿನಲ್ಲಿ ಬಿಡಬೇಡ, ಕೋರ್ಟ್ ಆವರಣದಲ್ಲಿ ಅವರ ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊ. ಸೀಲ್ ಮರೆಯಬೇಡ.

ತೊಗರಿ ಹೊಲ (ಸೇಡಂ) | ಸೋಮವಾರ ಬೆಳಿಗ್ಗೆ 8:05

ಥ್ಯಾಂಕ್ಸ್ ಅಣ್ಣ. ನಾನು ಬರೀ ದೊಡ್ಡಮ್ಮನನ್ನೇ ಬೈದುಕೊಂಡು ಕೂತಿದ್ದೆ. ಬುಧವಾರ ಹೋಗ್ತೀನಿ.

ಸೆರಗು ಸರಿ (ಹುಮನಾಬಾದ್) | ಸೋಮವಾರ ಬೆಳಿಗ್ಗೆ 11:30

ಓಣಿ ಹೆಂಗಸರ ದುಡ್ಡು ತಿಂದವಳಿಗೆ ಇಷ್ಟು ಕಾಳಜಿ ಯಾಕೋ. ನಮ್ಮ ಚೀಟಿ ದುಡ್ಡೂ ಹೀಗೇ ಹೋಗಿದೆ. ಇರಲಿ ಒಳಗೇ.

ಮಾಂಜ್ರಾ ತೀರ (ಬೀದರ್) | ಸೋಮವಾರ ಮಧ್ಯಾಹ್ನ 1:10

ಅಕ್ಕಾ, ದುಡ್ಡು ಹೋದ ಸಂಕಟ ಅರ್ಥ ಆಗುತ್ತದೆ. ಆದರೆ ಅದೇ ದುಡ್ಡಿನ ಕೇಸಿನ ಇನ್ನೊಬ್ಬ ಆರೋಪಿ ಮನೆಯಲ್ಲಿ ಹೋಳಿಗೆ ತಿಂದ. ಅವನ ಮೇಲೆ ನೀವು ಒಂದು ಸಾಲೂ ಬರೆಯಲಿಲ್ಲ ಅಲ್ವಾ?

ಪಂಚಾಯ್ತಿ ಅವರು ಕೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ಶಾಲೆಯ ಲೈಬ್ರರಿಗೆ ಬರುವ ವರದಿಗಳನ್ನು ಓದುವ ಚಟ ನನಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿ 5,73,220 ಜನ. ಅದರಲ್ಲಿ ಹೆಂಗಸರು 23,772. ನೂರಕ್ಕೆ ನಾಲ್ಕು ಅನ್ನಿ. ಒಟ್ಟು ಕೈದಿಗಳಲ್ಲಿ ನಾಲ್ಕರಲ್ಲಿ ಮೂರು ಜನ ಇನ್ನೂ ವಿಚಾರಣೆಯಲ್ಲಿ ಇರುವವರು, ಶಿಕ್ಷೆ ಆಗಿಲ್ಲ. ತಾಯಂದಿರ ಜೊತೆ ಒಳಗಿದ್ದ ಮಕ್ಕಳು 1,764.

ಈ ನೂರಕ್ಕೆ ನಾಲ್ಕು ಅನ್ನೋದರಲ್ಲೇ ಎಲ್ಲ ಇದೆ. ಇಡೀ ದೇಶದಲ್ಲಿ ಹೆಂಗಸರಿಗೆ ಅಂತಲೇ ಕಟ್ಟಿದ ಜೈಲು 30 ಚಿಲ್ಲರೆ. ನಮ್ಮ ರಾಜ್ಯದಲ್ಲಿ ತುಮಕೂರಿನಲ್ಲಿದೆ. ನಮ್ಮಿಂದ 500 ಕಿಲೋಮೀಟರ್‌ಗೂ ಜಾಸ್ತಿ. ಅಲ್ಲಿಗೆ ಕಳಿಸಿದರೆ ಸೌಲಭ್ಯ ಇರಬಹುದು, ನೋಡೋಕೆ ಹೋಗುವವರು ಇರಲ್ಲ. ಇಲ್ಲೇ ಇಟ್ಟರೆ ಗಂಡಸರ ಜೈಲಿನ ಒಂದು ಮೂಲೆ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ನನಗೂ ಗೊತ್ತಿಲ್ಲ.

ಶಹಾಪುರ ಬೆಟ್ಟ (ಯಾದಗಿರಿ) | ಸೋಮವಾರ ರಾತ್ರಿ 9:02

ಹೆಸರು ಹಾಕದೆ ಬರೆಯುತ್ತಿದ್ದೇನೆ. ಹೊಲದ ಬದುವಿನ ಜಗಳದಲ್ಲಿ ನಾನು 41 ದಿನ ಒಳಗಿದ್ದೆ. ಗಂಡಸರ ಕಡೆ ಸುಖ ಇದೆ ಅಂತ ಯಾರೂ ತಿಳಿಯಬೇಡಿ. ನಮ್ಮ ಬ್ಯಾರಕ್‌ನಲ್ಲಿ ಪಾಳಿ ಮೇಲೆ ಮಲಗುತ್ತಿದ್ದೆವು. ಒಬ್ಬ ಎದ್ದರೆ ಇನ್ನೊಬ್ಬನಿಗೆ ಚಾಪೆ. ಏಪ್ರಿಲ್ ತಿಂಗಳು, ನಮ್ಮ ಕಡೆಯ ಬಿಸಿಲು ನಿಮಗೆ ಹೇಳಬೇಕಾ? ಗೋಡೆ ಮುಟ್ಟಿದರೆ ಹಂಚು ಮುಟ್ಟಿದ ಹಾಗೆ. ಹೊಡೆದಾಟ, ಬೀಡಿಗೆ ಜಗಳ, ಎಲ್ಲ ಇತ್ತು. ಹೆಂಗಸರ ಬ್ಯಾರಕ್ ಅರ್ಧ ಖಾಲಿ ಅಂತ ನಾವು ಹೊಟ್ಟೆ ಉರಿದುಕೊಳ್ಳುತ್ತಿದ್ದೆವು.

ಆದರೆ ಒಂದು ಮಾತು. ನಮಗೆ ಕ್ಯಾರಂ ಇತ್ತು, ಪೇಪರ್ ಬರುತ್ತಿತ್ತು, ಸಂಜೆ ಅಂಗಳದಲ್ಲಿ ಅಡ್ಡಾಡುತ್ತಿದ್ದೆವು. ಆ ಅಂಗಳಕ್ಕೆ ಹೆಂಗಸರು ಬಂದಿದ್ದನ್ನು 41 ದಿನದಲ್ಲಿ ಒಂದು ದಿನವೂ ನೋಡಲಿಲ್ಲ. ಗೋಡೆಯ ಆಚೆ ಒಂದು ಕೂಸು ಅಳುವುದು ಮಾತ್ರ ಕೇಳುತ್ತಿತ್ತು, ಅದೂ ರಾತ್ರಿ.

ನನ್ನನ್ನು ಬಿಡಿಸಿದ್ದು ನನ್ನವ್ವ. ಬೋರಮಾಳ ಅಡ ಇಟ್ಟು ವಕೀಲರಿಗೆ ಕೊಟ್ಟಳು, ಮಾವನ ಕಾಲು ಹಿಡಿದು ಪಹಣಿ ತರಿಸಿದಳು. ಅವ್ವ ಒಳಗಿದ್ದಿದ್ದರೆ ನಾನು ಹೊಲ ಅಡ ಇಡುತ್ತಿದ್ದೆನಾ? ಇವತ್ತು ಈ ಚರ್ಚೆ ಓದುತ್ತಾ ಅದೇ ಕೇಳಿಕೊಳ್ಳುತ್ತಿದ್ದೇನೆ. ಇಡುತ್ತಿದ್ದೆ ಅಂತ ಬರೆಯೋಕೆ ಕೈ ಬರುತ್ತಿಲ್ಲ.

ಕಟ್ಟೆ ಪಂಚಾಯ್ತಿ (ಆಳಂದ) | ಸೋಮವಾರ ರಾತ್ರಿ 9:31

ಇದು ಪ್ರಾಮಾಣಿಕ ಮಾತು. ನಾನು ಕೇಳಿದ್ದೂ ಇದನ್ನೇ, ಗಂಡಸರ ಕಡೆ ನರಕ ಇದ್ದಾಗ ಹೆಂಗಸರ ಕಡೆಯದನ್ನು ಮಾತ್ರ ಯಾಕೆ ಎತ್ತುತ್ತೀರಿ ಅಂತ.

ಬೀಗದ ಕೈ (ಚಿತ್ತಾಪುರ) | ಮಂಗಳವಾರ ಬೆಳಿಗ್ಗೆ 6:15

ನಾನು ಈ ಇಲಾಖೆಯಲ್ಲಿ ವಾರ್ಡರ್ ಆಗಿ ಕೆಲಸ ಮಾಡಿ ನಿವೃತ್ತಿ ಆದವಳು. ಮೂರು ಊರಲ್ಲಿ ಡ್ಯೂಟಿ ಮಾಡಿದ್ದೇನೆ, ಯಾವುದು ಅಂತ ಹೇಳುವುದಿಲ್ಲ. ಮೊಬೈಲಿನಲ್ಲಿ ಬರೆಯೋದು ನಿಧಾನ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪಂಚಾಯ್ತಿಯವರೇ, ನೀವು ಗೋಡೆಯನ್ನು ಹೊರಗಿನಿಂದ ನೋಡುತ್ತಿದ್ದೀರಿ. ಬ್ರಿಟಿಷರ 1894ರ ಬಂದೀಖಾನೆ ಕಾಯ್ದೆಯಲ್ಲೇ ಇದೆ, ಹೆಂಗಸರನ್ನು ಗಂಡಸರ ಕಣ್ಣಿಗೆ ಬೀಳದ ಹಾಗೆ, ಮಾತಿಗೆ ಸಿಗದ ಹಾಗೆ ಬೇರೆ ಇಡಬೇಕು ಅಂತ. ಒಳ್ಳೆಯದೇ, ಅದು ಬೇಕು. ನಾನು ಆ ಬೀಗ ಹಾಕಿದವಳು. ಆದರೆ ಆಮೇಲೆ ಏನಾಯಿತು ನೋಡಿ. ಲೈಬ್ರರಿ ಗಂಡಸರ ಕಡೆ. ಆಸ್ಪತ್ರೆ ಗಂಡಸರ ಕಡೆ. ಬಡಗಿ ಕೆಲಸ, ಮಗ್ಗ, ಅಡುಗೆಮನೆ, ಕ್ಯಾಂಟೀನ್, ಆಟದ ಬಯಲು ಎಲ್ಲ ಆ ಕಡೆ. ಈ ಕಡೆ ಒಂದು ಉದ್ದನೆಯ ಕೋಣೆ, ಒಂದು ನೀರಿನ ತೊಟ್ಟಿ, ನಾಲ್ಕು ಹೆಜ್ಜೆ ಅಂಗಳ. ಆ ಕಡೆ ಹೋಗುವ ಹಾಗಿಲ್ಲ, ಯಾಕಂದರೆ ಗಂಡಸರಿದ್ದಾರೆ. ಈ ಕಡೆ ಕಟ್ಟಿಸುವ ಹಾಗಿಲ್ಲ, ಯಾಕಂದರೆ ಇರೋರು ಹದಿನೈದೇ ಜನ. ರಕ್ಷಣೆಗೆ ಅಂತ ಹಾಕಿದ ಗೋಡೆ ಎಲ್ಲವನ್ನೂ ಆ ಕಡೆಗೇ ಉಳಿಸಿಬಿಟ್ಟಿತು.

ದುಡಿಮೆಯ ಮಾತು ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಶಿಕ್ಷೆಯಾದ ಕೈದಿಗಳ ಕೂಲಿ ಈಗ ಒಳ್ಳೆಯದಿದೆ. ಕೌಶಲ ಇಲ್ಲದ ಕೆಲಸಕ್ಕೂ ದಿನಕ್ಕೆ 500 ರೂಪಾಯಿ ಮೇಲೆ. ಆದರೆ ಕೂಲಿ ಸಿಗೋಕೆ ಕೆಲಸ ಬೇಕಲ್ಲ. ನನ್ನ ಕಾಲದಲ್ಲಿ ನಮ್ಮ ಕಡೆ ಇದ್ದಿದ್ದು ಎರಡು ಹೊಲಿಗೆ ಮಷಿನ್, ಒಂದರ ಬೆಲ್ಟ್ ಹರಿದಿತ್ತು. ಬೆಲ್ಟ್ ತರಿಸೋಕೆ ನಾನು ಬರೆದ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದರೆ ಅದೇ ಒಂದು ಬೆಲ್ಟ್ ಆಗುತ್ತಿತ್ತು. ಕೊನೆಗೆ ನನ್ನ ಗಂಡನಿಗೆ ಹೇಳಿ ಪೇಟೆಯಿಂದ ತರಿಸಿದೆ.

ಆಸ್ಪತ್ರೆಯ ವಿಷಯ. ಒಬ್ಬಳಿಗೆ ರಕ್ತ ಹೋಗುವುದು ನಿಲ್ಲುತ್ತಿರಲಿಲ್ಲ. ಒಳಗಿನ ಡಾಕ್ಟರು ಗಂಡಸು, ಅವಳು ಬಾಯಿ ಬಿಟ್ಟು ಹೇಳಲಿಲ್ಲ, ನನಗೆ ಹೇಳಿದಳು. ಹೊರಗಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಹೊರಗೆ ಕರೆದುಕೊಂಡು ಹೋಗೋಕೆ ಎಸ್ಕಾರ್ಟ್ ಬೇಕು, ಎಸ್ಕಾರ್ಟ್‌ನಲ್ಲಿ ಮಹಿಳಾ ಪೇದೆ ಇರಲೇಬೇಕು. ಮೊದಲ ಮಂಗಳವಾರ ಮಂತ್ರಿ ಬಂದಿದ್ದರು, ಪೇದೆಗಳೆಲ್ಲ ಬಂದೋಬಸ್ತಿಗೆ. ಎರಡನೇ ಮಂಗಳವಾರ ಜಾತ್ರೆ. ಮೂರನೇ ವಾರ ಹೋದಳು. ಅದೇ ದಿನಗಳಲ್ಲಿ ಗಂಡಸರ ಕಡೆಯಿಂದ ಹಲ್ಲುನೋವಿಗೆ ಎರಡು ಜನ ಹೋಗಿ ಬಂದಿದ್ದರು. ಯಾರೂ ಬೇಕಂತ ಮಾಡಿದ್ದಲ್ಲ. ಅದೇ ನನಗೆ ಸಿಟ್ಟು ಬರೋದು, ಬೈಯೋಕೆ ಒಬ್ಬ ಮನುಷ್ಯ ಸಿಗಲ್ಲ.

ಮಕ್ಕಳ ವಿಷಯ ಕೇಳಬೇಡಿ ಅಂದರೂ ಬರೆಯುತ್ತೇನೆ. ಆರು ವರ್ಷದವರೆಗೆ ತಾಯಿ ಜೊತೆ ಇರಬಹುದು ಅಂತ ನಿಯಮ. ನಮ್ಮಲ್ಲಿ ಮೂರು ಮಕ್ಕಳಿದ್ದವು. ಒಂದು ದಿನ ಹೊಂಗೆ ಕಾಯಿ ಸಾಲಾಗಿ ಇಟ್ಟುಕೊಂಡು ಆಡುತ್ತಿದ್ದವು. ಏನು ಆಟ ಅಂತ ಬಗ್ಗಿ ನೋಡಿದೆ. "ಎಣಿಕಿ ಆಟ" ಅಂದಿತು ಒಂದು. ಒಂದು ಮಗು ನನ್ನ ಹಾಗೆ ಸೊಂಟದ ಮೇಲೆ ಕೈ ಇಟ್ಟು ಕಾಯಿ ಎಣಿಸುತ್ತಿತ್ತು. ಒಂದು ಕಾಯಿ ಕಮ್ಮಿ ಬಂತು. ಮೂರೂ ಗಾಬರಿಯಾಗಿ ಹುಡುಕೋಕೆ ಶುರು ಮಾಡಿದವು. ಜೈಲಿನಲ್ಲಿ ಎಣಿಕೆ ತಪ್ಪಿದರೆ ಏನಾಗುತ್ತದೆ ಅಂತ ಅವಕ್ಕೆ ಗೊತ್ತಿತ್ತು. ಅವತ್ತು ಡ್ಯೂಟಿ ಮುಗಿದು ಮನೆಗೆ ಬಂದು ಊಟ ಮಾಡಲಿಲ್ಲ ನಾನು.

ನಮ್ಮ ಪಾಡೂ ಅಷ್ಟೇ ಬಿಡಿ. ಗೇಟ್ ಡ್ಯೂಟಿ ಹಾಕಿದರೆ ಹತ್ತಿರದಲ್ಲಿ ಹೆಂಗಸರಿಗೆ ಪಾಯಿಖಾನೆ ಇಲ್ಲ. ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ.

ಮಾಂಜ್ರಾ ತೀರ (ಬೀದರ್) | ಮಂಗಳವಾರ ಬೆಳಿಗ್ಗೆ 7:40

ಅಕ್ಕಾ, ಇದನ್ನು ಓದಿ ಶಾಲೆಗೆ ಹೋಗೋಕೆ ಮನಸ್ಸಾಗುತ್ತಿಲ್ಲ.

ಮಕ್ಕಳ ಬಗ್ಗೆ ನಿಯಮ ಮಾತ್ರ ತುಂಬ ಚೆನ್ನಾಗಿದೆ. 2006ರ ಏಪ್ರಿಲ್ 13ರಂದು ಆರ್.ಡಿ. ಉಪಾಧ್ಯಾಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ತಾಯಿ ಜೊತೆ ಇರುವ ಮಗು ಕೈದಿ ಅಲ್ಲ, ಹಾಗೆ ನೋಡಬಾರದು. ಊಟ, ಬಟ್ಟೆ, ಔಷಧಿ, ಆಟ, ಓದು ಅದರ ಹಕ್ಕು. ಶಿಶುವಿಹಾರ ಇರಬೇಕು. ಹೆರಿಗೆ ಸಾಧ್ಯವಾದಷ್ಟೂ ಹೊರಗಿನ ಆಸ್ಪತ್ರೆಯಲ್ಲಿ ಆಗಬೇಕು, ಒಳಗೇ ಹುಟ್ಟಿದರೂ ಜನನ ಪ್ರಮಾಣಪತ್ರದಲ್ಲಿ ಜೈಲು ಅಂತ ಬರೆಯಬಾರದು.

ತೊಗರಿ ಹೊಲ, ನಿನ್ನ ಅತ್ತಿಗೆಯ ಮಗಳಿಗೆ ಬೇರೆ ಊಟ, ಹಾಲು ಸಿಗುತ್ತಿದೆಯಾ ಕೇಳು. ತಾಯಿಯ ಪಾಲಿನಲ್ಲೇ ಹಂಚಿಕೊಂಡು ತಿನ್ನೋದಲ್ಲ, ಮಗುವಿಗೆ ಅಂತಲೇ ಬರಬೇಕು.

ಸುರಪುರದ ಚುಕ್ಕಿ (ಸುರಪುರ) | ಮಂಗಳವಾರ ರಾತ್ರಿ 11:48

ಗಂಡು ಕಡೆ, ಹೆಣ್ಣು ಕಡೆ ಅಂತ ಎಲ್ಲ ಮಾತಾಡುತ್ತಿದ್ದೀರಿ. ನಾನು ಮಂಗಳಮುಖಿ. ನನ್ನನ್ನು ಯಾವ ಕಡೆ ಹಾಕಿದರು ಕೇಳುತ್ತೀರಾ?

ಬಸ್ ಸ್ಟ್ಯಾಂಡಿನಲ್ಲಿ ಜಗಳ ಆಗಿ ಕೇಸು ಹಾಕಿದ್ದರು. ಗೇಟಿನಲ್ಲಿ ತಪಾಸಣೆ ಯಾರು ಮಾಡಬೇಕು ಅಂತಲೇ ಒಂದು ಗಂಟೆ ಚರ್ಚೆ. ಗಂಡಸು ಸಿಬ್ಬಂದಿ ನಗುತ್ತಾ "ನೀ ಮಾಡು, ನೀ ಮಾಡು" ಅಂದುಕೊಂಡರು, ಹೆಣ್ಣು ಸಿಬ್ಬಂದಿ ಒಲ್ಲೆ ಅಂದರು. ಆ ಒಂದು ಗಂಟೆ ನಾನು ಎಲ್ಲರ ಎದುರು ನಿಂತೇ ಇದ್ದೆ. ಕೊನೆಗೆ ಗಂಡಸರ ಕಡೆ, ಸಾಮಾನು ಇಡುವ ಕೋಣೆಯಲ್ಲಿ ಒಬ್ಬಳನ್ನೇ ಹಾಕಿದರು. "ನಿನ್ನ ರಕ್ಷಣಿಗೇನ ಮಾಡೀವಿ" ಅಂದರು. 19 ದಿನ. ಫಿನಾಯಿಲ್ ಡಬ್ಬಿ, ಹಳೆ ಕಂಬಳಿ, ನಾನು. ಊಟ ಬಾಗಿಲ ಕೆಳಗೆ. ಮಾತಿಗೆ ಒಬ್ಬರಿಲ್ಲ. ಕೊಲೆ ಮಾಡಿದವರೂ ಅಂಗಳದಲ್ಲಿ ಕ್ಯಾರಂ ಆಡುತ್ತಿದ್ದರು ಅಂತ ಶಹಾಪುರ ಅಣ್ಣ ಬರೆದದ್ದು ನೋಡಿ ನಗು ಬಂತು.

ನೋಡೋಕೆ ಬಂದವರು ನಮ್ಮ ಗುರುವಮ್ಮ ಒಬ್ಬರೇ. "ನಿಮಗೂ ಇಕಿಗೂ ಏನ್ ಸಂಬಂಧ?" ಅಂತ ಕೇಳಿದರಂತೆ. ಫಾರಂನಲ್ಲಿ ತಾಯಿ, ತಂದೆ, ಹೆಂಡತಿ ಅಂತ ಇದೆ. ಗುರು ಅಂತ ಇಲ್ಲ. ಅವರು "ತಾಯಿ" ಅಂತ ಬರೆಸಿದರು. ಅದು ಸುಳ್ಳೂ ಅಲ್ಲ.

ಕರಿ ಕೋಟು (ಕಲಬುರಗಿ) | ಬುಧವಾರ ಬೆಳಿಗ್ಗೆ 6:50

ಚುಕ್ಕಿ, ಬರೆದದ್ದಕ್ಕೆ ಧನ್ಯವಾದ. 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ನಿಮ್ಮ ಗುರುತನ್ನು ನೀವೇ ಹೇಳುವ ಹಕ್ಕು ಕೊಟ್ಟಿತು, 2019ರಲ್ಲಿ ನಿಮ್ಮ ಹಕ್ಕುಗಳ ಕಾಯ್ದೆ ಬಂತು. ಜೈಲಿನ ಬಗ್ಗೆ ಕೇಂದ್ರ ಗೃಹ ಸಚಿವಾಲಯ 2022ರ ಜನವರಿಯಲ್ಲಿ ರಾಜ್ಯಗಳಿಗೆ ಸಲಹೆ ಕಳಿಸಿದೆ. ತಪಾಸಣೆ ನಿಮಗೆ ಒಪ್ಪಿಗೆಯಾಗುವ ಲಿಂಗದ ಸಿಬ್ಬಂದಿಯಿಂದ ಅಥವಾ ವೈದ್ಯಕೀಯ ಸಿಬ್ಬಂದಿಯಿಂದ, ಮರೆಯಲ್ಲಿ, ಮರ್ಯಾದೆಯಿಂದ ಆಗಬೇಕು. ಬೇರೆ ಜಾಗ ಕೊಡಬೇಕು, ಆದರೆ ಅದು ಒಂಟಿಯಾಗಿ ಕೂಡಿಹಾಕಿದ ಹಾಗೆ ಆಗಬಾರದು. ನಿಮಗೆ ಆದದ್ದು ಎರಡಕ್ಕೂ ಉಲ್ಟಾ. 2020ರ ಲೆಕ್ಕ ಬರುವ ಮೊದಲು ಜೈಲಿನ ಅಂಕಿಅಂಶದಲ್ಲಿ ನಿಮಗೆ ಒಂದು ಕಾಲಂ ಕೂಡ ಇರಲಿಲ್ಲ.

ಸೆರಗು ಸರಿ (ಹುಮನಾಬಾದ್) | ಬುಧವಾರ ಬೆಳಿಗ್ಗೆ 10:20

ಈಗ ಇವರದೂ ಶುರುವಾಯ್ತಾ. ಬಸ್ ಸ್ಟ್ಯಾಂಡಿನಲ್ಲಿ ಇವರು ಜನರಿಗೆ ಮಾಡೋ ಕಾಟ

[ಈ ಬರಹದ ಉಳಿದ ಭಾಗವನ್ನು ನಿರ್ವಾಹಕರು ತೆಗೆದಿದ್ದಾರೆ. ಅಕ್ಕಾ, ವಾದ ಮಾಡಿ, ಅವಮಾನ ಬೇಡ. ಇನ್ನೊಂದು ಸಲ ಆದರೆ ಒಂದು ವಾರ ಬರೆಯೋಕೆ ಬಿಡಲ್ಲ.]

ಕಟ್ಟೆ ಪಂಚಾಯ್ತಿ (ಆಳಂದ) | ಬುಧವಾರ ಮಧ್ಯಾಹ್ನ 2:00

ಚುಕ್ಕಿ ಅವರ ಬರಹ ಎರಡು ಸಲ ಓದಿದೆ. ಬೀಗದ ಕೈ ಅಕ್ಕನದೂ ಓದಿದೆ. ಗೋಡೆಯ ಮಾತು ಒಪ್ಪಿದೆ. ಆದರೆ ಒಂದು ಪ್ರಶ್ನೆ ಹಾಗೇ ಇದೆ. ಹದಿನೈದು ಜನರಿಗೆ ಅಂತ ಬೇರೆ ಆಸ್ಪತ್ರೆ, ಬೇರೆ ಲೈಬ್ರರಿ ಕಟ್ಟೋಕೆ ಯಾವ ಸರ್ಕಾರ ಬಂದರೂ ಆಗುತ್ತದಾ? ಸುಮ್ನೆ ಜಗಳಕ್ಕೆ ಕೇಳುತ್ತಿಲ್ಲ.

ಬೀಗದ ಕೈ (ಚಿತ್ತಾಪುರ) | ಬುಧವಾರ ರಾತ್ರಿ 8:30

ಕಟ್ಟೋದು ಬೇಡಪ್ಪಾ. ಲೈಬ್ರರಿ ಬೇಡ, ಪುಸ್ತಕದ ಪೆಟ್ಟಿಗೆ ವಾರಕ್ಕೊಮ್ಮೆ ಈ ಕಡೆ ಬರಲಿ. ಬಯಲಿಗೆ ಗಂಡಸರನ್ನು ಒಳಗೆ ಕೂಡಿ ಒಂದು ತಾಸು ಹೆಂಗಸರನ್ನು ಬಿಡಲಿ. ಲೇಡಿ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಬಂದು ಹೋದರೆ ಎಸ್ಕಾರ್ಟೇ ಬೇಕಾಗಲ್ಲ. ಪ್ಯಾಡ್ ಎಣಿಸದೆ ಕೊಡಲಿ. ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಮಾಡಿತ್ತು. ದೇಶದಲ್ಲಿ ಪ್ಯಾಡ್ ಕೊಡುವ ಜೈಲುಗಳು ನೂರಕ್ಕೆ 40ಕ್ಕಿಂತ ಕಮ್ಮಿ, ಕಂಬಿ ಗಾಜು ಅಡ್ಡ ಇಲ್ಲದೆ ಮಕ್ಕಳನ್ನು ಮುಟ್ಟಿ ಮಾತಾಡೋಕೆ ಬಿಡುವುದು ಗೋವಾ, ದೆಹಲಿ, ಪುದುಚೇರಿ ಮೂರೇ ಕಡೆ ಅಂತ ಅವರು ಹೇಳಿದ್ದಾರೆ. ಮುಟ್ಟೋಕೆ ಬಿಡೋದಕ್ಕೆ ಯಾವ ಕಟ್ಟಡ ಬೇಕು ಹೇಳಿ?

ತೊಗರಿ ಹೊಲ (ಸೇಡಂ) | ಬುಧವಾರ ರಾತ್ರಿ 9:55

ಹೋಗಿ ಬಂದೆ. ಸೀಲ್ ಹಾಕಿಸಿದ್ದೇನೆ ಅಣ್ಣ. ಅಲ್ಲಿದ್ದ ಮೇಡಂ ಫೈಲ್ ನೋಡಿ "ಆರು ತಿಂಗಳಾ?" ಅಂತ ಎರಡು ಸಲ ಕೇಳಿದರು. ಅತ್ತಿಗೆ ಹೆಸರು ಅವರ ಪಟ್ಟಿಗೆ ಬಂದೇ ಇರಲಿಲ್ಲ. ಬರುವ ವಾರ ಒಬ್ಬರು ಒಳಗೆ ಹೋಗಿ ಮಾತಾಡಿ ಅರ್ಜಿ ಹಾಕುತ್ತಾರಂತೆ. ಬಡ ಕೈದಿಗಳ ಯೋಜನೆ ಅಂತ ಒಂದಿದೆ, ಜಾಮೀನಿಗೆ ದುಡ್ಡಿನ ಸಹಾಯ ಸಿಗುತ್ತದೆ ಅಂದರು. ಆದರೆ ನಮಗೆ ಬೇಕಿರೋದು ದುಡ್ಡಲ್ಲ, ಆಳು.

ಬರುವಾಗ ಎರಡು ಹಳೆ ಸೀರೆ, ಒಂದು ದೊಡ್ಡ ಪ್ಯಾಕೆಟ್ ಪ್ಯಾಡ್ ಕೊಟ್ಟು ಬಂದೆ. ಖಾತೆಗೆ 300 ಕಟ್ಟಿದೆ. ಮೇಷ್ಟ್ರೇ, ಹಾಲು ಬರುತ್ತದಂತೆ, ಬೆಳಿಗ್ಗೆ ಮಾತ್ರ.

ತೊಗರಿ ಹೊಲ (ಸೇಡಂ) | 23 ದಿನದ ನಂತರ, ಶುಕ್ರವಾರ ರಾತ್ರಿ 8:10

ಇಷ್ಟು ದಿನ ಬರೆಯಲಿಲ್ಲ, ಬೈಯಬೇಡಿ. ಕೋರ್ಟು ಷರತ್ತು ಸಡಿಲ ಮಾಡಿತು. 25,000ದ ಬಾಂಡ್, ಒಬ್ಬರು ಶ್ಯೂರಿಟಿ ಸಾಕು.

ಆ ಒಬ್ಬರು ನನ್ನ ಅವ್ವ. ಅಪ್ಪ ಹೋದಮೇಲೆ ಒಂದು ಎಕರೆ ಹನ್ನೆರಡು ಗುಂಟೆ ಅವ್ವನ ಹೆಸರಿಗೆ ಬಂದಿದೆ. ನಾನು ಕೇಳಲಿಲ್ಲ, ಅವಳೇ ಅಂದಳು. ದೊಡ್ಡಮ್ಮ ನಮ್ಮ ಮನೆ ಕಡೆ ಮುಖ ಹಾಕುತ್ತಿಲ್ಲ. ಅಣ್ಣ ಫೋನ್ ಮಾಡಿ "ಕಾಕೂ, ನೀ ಯಾಕ ನಡುವ ಬರ್ತಿ" ಅಂದ. ಅವ್ವ ಫೋನ್ ಇಟ್ಟುಬಿಟ್ಟಳು.

ಈಗ ತೊಡಕು ಏನಪ್ಪಾ ಅಂದರೆ, ಪಹಣಿಯಲ್ಲಿ ಅವ್ವನ ಹೆಸರಿನ ಮುಂದೆ ಗಂಡ ಅಂತ ಅಪ್ಪನ ಹೆಸರಿದೆ. ಆಧಾರ್‌ನಲ್ಲಿ ತಂದೆ ಅಂತ ಅಜ್ಜನ ಹೆಸರಿದೆ. ಇಬ್ಬರೂ ಒಂದೇ ಹೆಂಗಸು ಅಂತ ಹೇಗೆ ನಂಬೋದು ಅಂತ ಇವತ್ತು ವಾಪಸ್ ಕಳಿಸಿದರು. ಕಾಕಾಗಳಿಗೆ ಇಂಥ ಪ್ರಶ್ನೆಯೇ ಬರಲಿಲ್ಲ. ಅವರಿಗೆ ಹುಟ್ಟಿದಾಗಿನಿಂದ ಒಂದೇ ಹೆಸರು.

ಕರಿ ಕೋಟು (ಕಲಬುರಗಿ) | ಶುಕ್ರವಾರ ರಾತ್ರಿ 8:25

ಗಾಬರಿ ಬೇಡ. ಒಬ್ಬರೇ ಅಂತ ಒಂದು ಅಫಿಡವಿಟ್ ಮಾಡಿಸೋಣ. ಮತದಾರರ ಗುರುತಿನ ಚೀಟಿ, ಹಳೆಯ ರೇಷನ್ ಕಾರ್ಡ್ ಇದ್ದರೆ ತಗೊಂಡು ಬಾ. ಅವ್ವನ ಮೂರು ಫೋಟೋ. ಸೋಮವಾರ 10 ಗಂಟೆಗೆ ಕೋರ್ಟಿನ ಹತ್ತಿರ ಬನ್ನಿ, ಆ ಕೋರ್ಟಿನಲ್ಲಿ ನನ್ನ ಜೂನಿಯರ್ ಇರುತ್ತಾಳೆ. ಫೀಸಿನ ಮಾತು ಎತ್ತಬೇಡ.

ಶಹಾಪುರ ಬೆಟ್ಟ (ಯಾದಗಿರಿ) | ಶುಕ್ರವಾರ ರಾತ್ರಿ 8:50

ಆ ಅಫಿಡವಿಟ್ ನಡೆಯದಿದ್ದರೆ ನನ್ನ ಪಹಣಿ ಇದೆ. ಬೇರೆ ಜಿಲ್ಲೆ ಅಂದರೂ ರಾಜ್ಯ ಇದೇ. ನಂಬರ್ ಮೆಸೇಜ್ ಮಾಡಿದ್ದೇನೆ.

ಬೀಗದ ಕೈ (ಚಿತ್ತಾಪುರ) | ಶುಕ್ರವಾರ ರಾತ್ರಿ 9:15

ತಂಗಿ, ಸೋಮವಾರ ಆದೇಶ ಜೈಲಿಗೆ ಮುಟ್ಟುವಾಗ ಸಂಜೆ ಆಗಿರುತ್ತದೆ. ಕೆಲವು ಸಲ ಬಿಡೋದು ಎಂಟು ಗಂಟೆಗೆ. ಆ ಹೊತ್ತಿಗೆ ನಿಮ್ಮೂರಿಗೆ ಬಸ್ ಸಿಗುತ್ತದೋ ಇಲ್ಲವೋ. ನೀವು ಮೂವರು, ಮಗು ಸೇರಿ ನಾಲ್ಕು. ನನ್ನ ತಂಗಿಯ ಮನೆ ಗೇಟಿನಿಂದ ಆಟೋದಲ್ಲಿ ಹತ್ತು ನಿಮಿಷ. ನಾನು ಅಲ್ಲಿಗೆ ಬಂದಿರುತ್ತೇನೆ. ಅನ್ನ ಸಾರು ಮಾಡಿಡುತ್ತೇವೆ, ಮಗುವಿಗೆ ಖಾರ ಆಗುತ್ತದಾ ಹೇಳು.